ಏಳು ಮಕ್ಕಳಲ್ಲಿ ಇಬ್ಬರು ಅನಾಥರು

ಬೆಳುವಾಯಿಯ ಅಕ್ಕನ ಮನೆಯ ಏಳು ಮಕ್ಕಳನ್ನು ಊರೇ ಸಾಕಿತು ಎಂದು ಹೇಳುತ್ತಾರೆ. ಮೊನ್ನೆ ಬಂಟ್ವಾಳದಲ್ಲಿ ಅಕ್ಕಿ ಗಿರಣಿಯ ಧಣಿಗಳಿಗೆ ಸನ್ಮಾನವಾದಾಗ ಮತ್ತೊಮ್ಮೆ ಹೇಳಿದರು. ಮಾನಪತ್ರ ಓದಿದವರು ಧಣಿಗಳನ್ನು ‘ಯುದ್ಧದಲ್ಲಿ ನೊಂದ ಏಳು ಕಂದಮ್ಮಗಳ ತಂದೆ’ ಎಂದು ಕರೆದರು. ಜನ ಚಪ್ಪಾಳೆ ತಟ್ಟಿದರು. ಧಣಿಗಳು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಆ ಕಣ್ಣೀರು ನಿಜವಾದದ್ದೇ. ತನ್ನ ಮೇಲೆ ಬರೆದ ಮಾನಪತ್ರವನ್ನು ಮನುಷ್ಯ ಎಷ್ಟು ಬೇಗ ನಂಬಿಬಿಡುತ್ತಾನೆ ಎಂದು ನಾನು ಮೂರನೆಯ ಸಾಲಿನಲ್ಲಿ ಕೂತು ನೋಡುತ್ತಿದ್ದೆ.

ಮಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನಿಂತು ನಿಂತು ನನಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿದೆ. ಯಾರಾದರೂ ಒಂದು ಮಾತು ಹೇಳಿದರೆ ಸಾಕು, ತಲೆದೂಗುವ ಮೊದಲು ಅದರ ಒಂದೊಂದು ಪದವನ್ನೂ ಹಿಡಿದು ವಿಚಾರಿಸುತ್ತೇನೆ. ‘ಊರು’ ಎಂದರೆ ಯಾರು? ‘ಸಾಕಿತು’ ಎಂದರೆ ಏನು ಮಾಡಿತು? ಒಂದು ಮಳೆಗಾಲ ಹಿಡಿದಾಗ ಧಣಿಗಳ ಗಿರಣಿಯಿಂದ ಬರತೊಡಗಿದ ಅಕ್ಕಿ ಮುಂದಿನ ಮಳೆಗಾಲಕ್ಕೆ ಮೊದಲೇ ನಿಂತಿತು. ಅಲ್ಲಿಂದ ಇವತ್ತಿನವರೆಗೆ ಏಳು ಮಕ್ಕಳಿಗೂ ಆ ಮನೆಯ ಒಲೆ ಉರಿದದ್ದು ಅಕ್ಕ ಕಟ್ಟಿದ ಬೀಡಿಯಿಂದ. ಹಾಗಾದರೆ ‘ಊರು’ ಎನ್ನುವುದು ಎಲೆ ಕೊಟ್ಟು ಬೀಡಿ ಕಟ್ಟಿಸುವ ಬ್ರಾಂಚಿನ ಇನ್ನೊಂದು ಹೆಸರಿರಬೇಕು. ಇರಲಿ. ಅಕ್ಕಿ ಯಾಕೆ ನಿಂತಿತು ಎಂದು ಸನ್ಮಾನದ ದಿನ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ಯಾಕೆಂದರೆ ಅಕ್ಕಿ ನಿಂತ ದಿನ ನಾನು ಅಲ್ಲಿದ್ದೆ.

ಮೊದಲು ಆ ಮನೆಯ ವಿಷಯ. ಅಕ್ಕ ನನಗೆ ರಕ್ತಸಂಬಂಧಿಯಲ್ಲ. ಬೆಳುವಾಯಿಯ ಅರ್ಧದಷ್ಟು ಜನ ಅವರನ್ನು ಅಕ್ಕ ಎನ್ನುತ್ತಾರೆ, ಉಳಿದ ಅರ್ಧ ಜನ ಅವರ ಬಾಯಿಗೆ ಹೆದರಿ ಏನೂ ಅನ್ನುವುದಿಲ್ಲ. ಅವರ ತಮ್ಮ ಮಿಲಿಟರಿಯಲ್ಲಿದ್ದರು, ಮದುವೆಯಾಗಿರಲಿಲ್ಲ. ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಮನೆಗೆ ಸೇರಿದವರು, ಮನೆ ನಡೆಸುವವನು ತಾಯಿಯ ಅಣ್ಣನೋ ತಮ್ಮನೋ. ಅಪ್ಪ ಎಂಬವರು ಬಂದರೆ ಬೆಲ್ಲ ನೀರು ಕೊಡಬೇಕಾದ ಗೌರವಾನ್ವಿತ ನೆಂಟರು. ಹೀಗಾಗಿ ಅಕ್ಕನ ಇಬ್ಬರು ಮಕ್ಕಳು ಮಾವನ ನೆರಳಲ್ಲಿ ಬೆಳೆದರು. ಅವರ ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದು ದೀಪಾವಳಿಗೆ ಮಿಠಾಯಿ ಪೊಟ್ಟಣದ ಜೊತೆ ಕಾಣಿಸಿಕೊಳ್ಳುತ್ತಿದ್ದರು, ಕೆಲವು ದೀಪಾವಳಿಗೆ ಪೊಟ್ಟಣ ಮಾತ್ರ. ಅಕ್ಕನ ತಂಗಿ ಜ್ವರದಲ್ಲಿ ತೀರಿಹೋದಾಗ ಅವಳ ಮೂವರು ಮಕ್ಕಳು ಎಲ್ಲಿಂದಲೂ ಬರಬೇಕಾಗಿರಲಿಲ್ಲ, ಅದೇ ಮನೆಯಲ್ಲೇ ಇದ್ದರು. ಆ ಮಕ್ಕಳ ಅಪ್ಪ ಬಂಟ್ವಾಳದ ಕಡೆ ಇನ್ನೊಂದು ಮದುವೆಯಾಗಿ ಆರೋಗ್ಯವಾಗಿದ್ದರು.

ಮತ್ತಿಬ್ಬರು ಬಂದದ್ದು ರಜೆಯಲ್ಲಿ. ತಮ್ಮನ ಜೊತೆಗೆ ಒಂದೇ ತುಕಡಿಯಲ್ಲಿದ್ದ, ಬೆಳ್ತಂಗಡಿ ಹತ್ತಿರದ ಲಾಯಿಲದ ಸಿಪಾಯಿಯೊಬ್ಬರಿಗೆ ಹೆಂಡತಿ ತೀರಿಕೊಂಡು, ಹಿಂದೆ ಮುಂದೆ ಯಾರೂ ಇರಲಿಲ್ಲ. ಇಬ್ಬರೂ ಒಟ್ಟಿಗೆ ರಜೆಗೆ ಬಂದಾಗ ಅವರು ತಮ್ಮ ಹುಡುಗಿಯನ್ನೂ ಹುಡುಗನನ್ನೂ ಅಕ್ಕನ ಜಗಲಿಯಲ್ಲಿ ಕೂರಿಸಿ, ಬರುವ ರಜೆಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದರು. ಆ ಮಕ್ಕಳ ಜಾತಿ ಯಾವುದು ಎಂದು ಕೇಳಲು ಬಂದವರಿಗೆ ಅಕ್ಕನ ಉತ್ತರ ಸಿದ್ಧವಿತ್ತು.

“ಮಿಲಿಟರಿ.”

ಚೀನಾದ ಯುದ್ಧದಲ್ಲಿ ಸಿಪಾಯಿಗಳಿಬ್ಬರೂ ಹೋದರು. ತಂತಿ ಬಂತು, ಆಮೇಲೆ ಒಂದು ತಗಡಿನ ಪೆಟ್ಟಿಗೆ ಬಂತು. ಸರ್ಕಾರದ ಲೆಕ್ಕದಲ್ಲಿ ತಮ್ಮನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಅಪ್ಪ ಅಮ್ಮ ಮೊದಲೇ ಇಲ್ಲ. ಅಂದರೆ ಅವರು ಸತ್ತದ್ದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಆ ಚಳಿಗಾಲದಲ್ಲಿ ನಮ್ಮ ಮೂರೂರುಗಳಲ್ಲಿ ದೇಶಭಕ್ತಿ ಉಣ್ಣೆಯ ರೂಪದಲ್ಲಿ ಹಬ್ಬಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಿಗೆ ಸೇರಿ ಒಂದು ಜವಾನರ ಸಹಾಯ ಸಮಿತಿ ಹುಟ್ಟಿತು. ಧಣಿಗಳು ಅಧ್ಯಕ್ಷರು. ಕಾರ್ಯದರ್ಶಿ ನನ್ನ ಮಾವ, ಅಂದರೆ ತಾಯಿಯ ಅಣ್ಣ, ಮೂಡಬಿದಿರೆಯ ನಿವೃತ್ತ ಹೆಡ್‌ಮಾಷ್ಟ್ರು. ನನ್ನ ತಾಯಿಯೂ ನಾನೂ ಅವರ ಮನೆಯಲ್ಲೇ ಇದ್ದವರು. ಕಾಲೇಜಿಗೆ ಹೋಗುತ್ತಿದ್ದ ನನ್ನನ್ನು ಸಮಿತಿಯ ಭಾಷಣಕಾರನನ್ನಾಗಿ ಮಾಡಿದರು, ಸಂಬಳವಿಲ್ಲದ ಕೆಲಸಕ್ಕೆ ಅಳಿಯನಿಗಿಂತ ಅನುಕೂಲದವನು ಬೇರೆ ಸಿಕ್ಕುವುದಿಲ್ಲವಲ್ಲ. ಸಮಿತಿಯ ಮೊದಲ ಕೆಲಸ ಹಿಮಾಲಯದ ಜವಾನರಿಗೆ ಸ್ವೆಟರ್ ಹೆಣೆಯಿಸುವುದು. ಸ್ವೆಟರನ್ನು ಹುಟ್ಟಿದಂದಿನಿಂದ ಹಾಕದ ಹೆಂಗಸರು, ಸ್ವೆಟರ್ ಯಾಕೆ ಬೇಕು ಎಂದು ಗೊತ್ತಿಲ್ಲದ ಸೆಕೆಯಲ್ಲಿ, ಬೆವರು ಒರೆಸಿಕೊಳ್ಳುತ್ತ ಹೆಣೆದರು. ಅವರು ತೋಳು ಮುಗಿಸಿ ಕುತ್ತಿಗೆಗೆ ಬರುವಷ್ಟರಲ್ಲಿ ಯುದ್ಧ ಮುಗಿದಿತ್ತು. ಆದರೆ ಹೆಣಿಗೆ ನಿಲ್ಲಲಿಲ್ಲ. ಒಂದು ಓಣಿಯವರು ಹೆಣೆದು ಇನ್ನೊಂದು ಓಣಿಯವರು ಹೆಣೆಯದಿದ್ದರೆ ಮಾನ ಹೋಗುವುದಿಲ್ಲವೇ?

ಕಡೆಗೆ ಉಳಿದ ಸ್ವೆಟರುಗಳ ಕಟ್ಟು ಧಣಿಗಳ ಗಿರಣಿಯ ಮೂಲೆಯಲ್ಲಿ ಕೂತಿತು. ಅದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಿರುವಾಗ ಯಾರಿಗೋ ಬೆಳುವಾಯಿಯ ಮನೆ ನೆನಪಾಯಿತು. ಹಾಗೆ ಸಮಿತಿಗೆ ಆ ಮಕ್ಕಳು ಸಿಕ್ಕಿದರು. ಮಕ್ಕಳಿಗೆ ಸಮಿತಿ ಸಿಕ್ಕಿತು ಎಂದು ಮಾನಪತ್ರದಲ್ಲಿ ಬರೆದಿದ್ದಾರೆ. ನಾನು ಕಂಡ ಕ್ರಮ ಇದು.

ಮೂಡಬಿದಿರೆಯ ಶಾಲೆಯ ಬಯಲಲ್ಲಿ, ಗೇರುಹಣ್ಣು ಉದುರುವ ಬೇಸಗೆಯಲ್ಲಿ, ಸಭೆ. ಏಳೂ ಮಕ್ಕಳನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ ಸ್ವೆಟರ್ ತೊಡಿಸಿದರು. ಎಲ್ಲವೂ ಜವಾನರ ಅಳತೆಯವು. ಎಲ್ಲರಿಗಿಂತ ಸಣ್ಣವನ ಸ್ವೆಟರಿನ ತೋಳುಗಳು ಕಾಲಿಗೆ ತಾಗುತ್ತಿದ್ದವು. ನಾನು ಹಿಮಾಲಯದ ಚಳಿಯ ಬಗ್ಗೆ ಮಾತಾಡಿದೆ. ಮೂಳೆ ಕೊರೆಯುವ ಗಾಳಿ ಎಂದೆ, ಹೆಪ್ಪುಗಟ್ಟಿದ ನೆತ್ತರು ಎಂದೆ. ನನ್ನ ಬೆನ್ನ ಹಿಂದೆ ಏಳು ಮಕ್ಕಳು ಬೇಯುತ್ತಿದ್ದರು. ಸಭೆ ಮುಗಿದು ಎಲ್ಲರಿಗೂ ಸಜ್ಜಿಗೆ ಅವಲಕ್ಕಿ ಕೊಡುವಾಗ ಅಕ್ಕ ನನ್ನ ಹತ್ತಿರ ಬಂದರು.

“ನಿನ್ನ ಭಾಷಣ ಜೋರುಂಟು ಮಾರಾಯ. ನನಗೇ ಚಳಿ ಆಯ್ತು. ಈ ಮಕ್ಕಳಿಗೆ ಮಾತ್ರ ನೀನು ಹೇಳಿದ್ದು ಒಂದೂ ತಲೆಗೆ ಹೋದ ಹಾಗೆ ಕಾಣುದಿಲ್ಲ, ನೋಡು, ನೀರು ಇಳೀತಾ ಉಂಟು.”

“ಬಿಚ್ಚಿಸಿ ಅಕ್ಕ, ಇನ್ನು ಯಾರು ನೋಡ್ತಾರೆ?”

“ಫೋಟೋದವ ಬರ್ಲಿಲ್ಲ ಇನ್ನೂ. ಅವ ಬಂದು ಹೋಗ್ಲಿ, ಆಮೇಲೆ ಬಿಚ್ಚುವ.”

ನನ್ನ ಭಾಷಣಗಳಲ್ಲಿ ಈ ಹೆಂಗಸು ತ್ಯಾಗಮೂರ್ತಿಯಾಗಿದ್ದರು. ನಿಜದಲ್ಲಿ ಅವರಿಗೆ ಸಭೆಗಳೆಂದರೆ ಇಷ್ಟವಿತ್ತು. ಮುಂದಿನ ಸಾಲಿನ ಕುರ್ಚಿ ಸಿಗದಿದ್ದರೆ ಮುನಿಸಿಕೊಳ್ಳುತ್ತಿದ್ದರು. ಬೆಲ್ಲ ಕದ್ದ ಹುಡುಗನನ್ನು ಮಧ್ಯಾಹ್ನವಿಡೀ ಕಂಬಕ್ಕೆ ಕಟ್ಟಿದ್ದನ್ನು ನಾನೇ ಕಂಡಿದ್ದೇನೆ. ಆ ಹುಡುಗ ಅವರ ಸ್ವಂತ ಮಗನೋ, ತಂಗಿಯ ಮಗನೋ, ಲಾಯಿಲದವನೋ ಎಂದು ಬಂದವರಿಗೆ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಕಟ್ಟುವ ಹಗ್ಗವೂ ಒಂದೇ, ಆಮೇಲೆ ಬಾಯಿಗೆ ಹಾಕುವ ಬೆಲ್ಲದ ಚೂರೂ ಒಂದೇ ಆಗಿತ್ತು.

ಸ್ವೆಟರಿನ ಸಭೆ ಚೆನ್ನಾಗಿ ಆದದ್ದರಿಂದ ಧಣಿಗಳ ಮನಸ್ಸು ಕರಗಿತು. ತಿಂಗಳಿಗೊಂದು ಗೋಣಿ ಕುಚ್ಚಲಕ್ಕಿ ಗಿರಣಿಯಿಂದ ಬೆಳುವಾಯಿಗೆ ಹೋಗಲಿ ಎಂದರು. ಪ್ರತಿಪಕ್ಷಕ್ಕೆ ಸಲ್ಲಬೇಕಾದದ್ದು ಸಲ್ಲಲಿ: ಅಕ್ಕಿ ಒಳ್ಳೆಯದಿತ್ತು. ಕಲ್ಲಿರಲಿಲ್ಲ, ಮುಗ್ಗಿರಲಿಲ್ಲ, ತಪ್ಪದೆ ಬಸ್ಸಿನ ತಲೆಯ ಮೇಲೆ ಬರುತ್ತಿತ್ತು. ಮಾವ ನನ್ನನ್ನು ಭಾನುವಾರಗಳಂದು ಆ ಮಕ್ಕಳಿಗೆ ಪಾಠ ಹೇಳಲು ಕಳಿಸಿದರು. ಹಾಗೆ ನಾನು ಅವರನ್ನು ಒಬ್ಬೊಬ್ಬರಾಗಿ ಗುರುತು ಹಿಡಿದೆ. ಲಾಯಿಲದ ಹುಡುಗಿಗೆ ಹನ್ನೊಂದು ದಾಟಿತ್ತು, ಲೆಕ್ಕದಲ್ಲಿ ಚುರುಕು, ನನ್ನ ಜೊತೆ ವಾದಕ್ಕೆ ನಿಲ್ಲುತ್ತಿದ್ದವಳು ಅವಳೊಬ್ಬಳೇ. ಅವಳ ತಮ್ಮ ಅಕ್ಕನ ಸೆರಗಿನ ತುದಿ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ.

ತೊಡಕು ಶುರುವಾದದ್ದು ಸಮಿತಿಗೆ ಬೆಳ್ತಂಗಡಿಯ ವಕೀಲರು ಸೇರಿದ ಮೇಲೆ. ನಮ್ಮ ಮನೆಯ ಚಾವಡಿಯಲ್ಲಿ ಸಮಿತಿ ಕೂತಿತ್ತು, ನಾನು ಕಾಫಿ ತಂದಿಡುತ್ತಿದ್ದೆ.

“ಮಾಷ್ಟ್ರೇ, ಒಂದು ಸಣ್ಣ ಪ್ರಶ್ನೆ,” ಎಂದರು ವಕೀಲರು. ಅವರ ಪ್ರಶ್ನೆಗಳು ಯಾವಾಗಲೂ ಸಣ್ಣವೇ. “ಯುದ್ಧದಿಂದ ಅನಾಥರಾದ ಮಕ್ಕಳಿಗೆ ಅಂತ ಅಲ್ಲವಾ ಈ ಅಕ್ಕಿ? ನಾನು ಲಾಯಿಲದಲ್ಲಿ ವಿಚಾರಿಸಿದೆ. ಅಲ್ಲಿಯ ಒಬ್ಬ ಸಿಪಾಯಿಯ ಮಕ್ಕಳು ಇಬ್ಬರು, ಒಂದು ಹುಡುಗಿ ಒಂದು ಹುಡುಗ, ಆ ಮನೆಯಲ್ಲಿ ಉಂಟು. ಉಳಿದ ಐದಕ್ಕೆ ಅಪ್ಪ ಇದ್ದಾರೆ. ಜೀವಂತ.”

“ಅವರ ಮಾವ ಹೋದದ್ದಲ್ಲವಾ, ವಕೀಲರೇ?” ಎಂದರು ನನ್ನ ಮಾವ.

“ಮಾವ ಹೋದರೆ ಅನಾಥ ಅಂತ ಯಾವ ಕಾನೂನಲ್ಲಿ ಉಂಟು?”

ಇದನ್ನು ಹೇಳಿದವರು ಯಾರು ಎಂದು ಓದುಗರು ಗಮನಿಸಬೇಕು. ಈ ವಕೀಲರು ಕೆಲವೇ ವರ್ಷ ಹಿಂದೆ, ತೀರಿಹೋದ ತಮ್ಮ ಸೋದರಮಾವನ ಬೈಲುಗದ್ದೆಗಳಿಗಾಗಿ ಮಂಗಳೂರಿನ ಕೋರ್ಟಿನಲ್ಲಿ ನಿಂತು, ಅಳಿಯನೇ ನಿಜವಾದ ವಾರಸುದಾರ, ಮಾವನಿಗೆ ಅಳಿಯನಿಗಿಂತ ಹತ್ತಿರದವರು ಈ ಭೂಮಿಯ ಮೇಲೆ ಇಲ್ಲ ಎಂದು ಕಣ್ಣಲ್ಲಿ ನೀರು ತರಿಸುವ ಹಾಗೆ ವಾದಿಸಿ ಗೆದ್ದವರು. ಧಣಿಗಳ ಗಿರಣಿಯೂ ಮಾವನಿಂದಲೇ ಬಂದದ್ದು. ಆ ಚಾವಡಿಯಲ್ಲಿ ಅಪ್ಪನ ಮನೆಯ ಅನ್ನ ಉಂಡು ಬೆಳೆದವರು ಒಬ್ಬರೂ ಇರಲಿಲ್ಲ. ಆದರೂ ಎಲ್ಲರೂ ಯೋಚನೆ ಮಾಡುವವರ ಹಾಗೆ ಕಾಫಿ ಕುಡಿದು, ವಕೀಲರು ಹೇಳುವುದರಲ್ಲಿ ಅರ್ಥ ಉಂಟು ಎಂದರು. ಮಾವನ ಮನೆ, ಅಳಿಯನ ಹಕ್ಕು ಎಲ್ಲ ಗದ್ದೆ ಹಂಚುವಾಗಿನ ಮಾತು; ಸಮಿತಿ, ಸಹಾಯ, ದೇಶ ಎಂದ ಕೂಡಲೇ ನಮ್ಮವರು ಪರವೂರಿನವರಂತೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಎಂದು ಯೋಚಿಸಲು ತೊಡಗುತ್ತಾರೆ. ಶಾಲೆಯ ಪಾಠಪುಸ್ತಕದಲ್ಲಿ ಸಂಸಾರದ ಚಿತ್ರ ಹಾಗೇ ಇತ್ತಲ್ಲ.

ಮುಂದಿನ ಹೆಜ್ಜೆ ಸುಲಭವಾಗಿತ್ತು. ಒಂದೇ ಗಂಜಿಯ ಮಡಕೆಯಲ್ಲಿ ಇಬ್ಬರಿಗೆ ಕೊಟ್ಟ ಅಕ್ಕಿಯನ್ನು ಏಳು ಜನ ಉಣ್ಣುವುದು ಸರಿಯಲ್ಲ. ಆದ್ದರಿಂದ ನಿಜವಾದ ಅನಾಥರಿಬ್ಬರನ್ನು ಬೇರೆ ಮಾಡಬೇಕು. ಉಳಿದವರು ಅವರವರ ಅಪ್ಪಂದಿರಲ್ಲಿಗೆ ಹೋಗಲಿ. ಧಣಿಗಳು ಎದೆ ಮುಟ್ಟಿಕೊಂಡು, “ಆ ಇಬ್ಬರನ್ನು ನಾನೇ ಸಾಕ್ತೇನೆ, ನಮ್ಮ ಮನೆಯಲ್ಲಿ,” ಎಂದರು. ಎಲ್ಲರೂ ಮೆಚ್ಚಿ ಮಾತಾಡಿದ ಮೇಲೆ ಧಣಿಗಳು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು, “ನೀನು ಪಾಠ ಹೇಳ್ಲಿಕ್ಕೆ ಹೋಗ್ತಿಯಲ್ಲ, ಆ ಹುಡುಗಿಗೆ ತೊಟ್ಟಿಲು ತೂಗ್ಲಿಕ್ಕೆ ಗೊತ್ತುಂಟಾ? ನಮ್ಮ ಮಗಳು ಬಾಣಂತನಕ್ಕೆ ಬರ್ತಾಳೆ.”

“ಲೆಕ್ಕ ಗೊತ್ತುಂಟು ಅವಳಿಗೆ,” ಎಂದೆ.

“ಲೆಕ್ಕಕ್ಕೆ ಗುಮಾಸ್ತ ಇದ್ದಾನೆ,” ಎಂದರು.

ಅಪ್ಪಂದಿರಿಗೆ ಸುದ್ದಿ ಹೋಯಿತು. ಬಂಟ್ವಾಳದ ಅಪ್ಪ, ಈಗಿನ ಹೆಂಡತಿಗೆ ಮೈ ಸರಿಯಿಲ್ಲ, ಮಕ್ಕಳು ಅಲ್ಲಿ ಸುಖವಾಗಿದ್ದಾರಲ್ಲ ಎಂದು ಹೇಳಿ ಕಳಿಸಿದರು. ಮುಂಬಯಿಯ ಅಪ್ಪನಿಂದ ಏನೂ ಬರಲಿಲ್ಲ. ಅಪ್ಪ ಇರುವುದು ಸಾಬೀತಾಗಿದೆ, ಇಟ್ಟುಕೊಳ್ಳುವುದು ಅವರ ಜವಾಬ್ದಾರಿ ಎಂದರು ವಕೀಲರು.

ಇನ್ನು ಆ ಇಬ್ಬರು ಯಾರು ಎಂದು ಗೊತ್ತಾಗಬೇಕಿತ್ತು. ಇದೊಂದು ತೊಡಕೆಂದು ಸಮಿತಿ ಎಣಿಸಿರಲಿಲ್ಲ. ಲಾಯಿಲದಲ್ಲಿ ಆ ಮಕ್ಕಳ ಹೆಸರು ಯಾರಿಗೂ ನೆನಪಿರಲಿಲ್ಲ. ಶಾಲೆಯಲ್ಲಿ ಕೇಳಿದರೆ ಏಳು ಮಕ್ಕಳಿಗೂ ಪೋಷಕರೆಂದು ಅಕ್ಕನ ತಮ್ಮನ ಹೆಸರೊಂದೇ ಇತ್ತು. ಅಳಿಯಕಟ್ಟಿನ ಮನೆಗಳಲ್ಲಿ ಅದು ಹೊಸತಲ್ಲ. ನೆರೆಯವರು, “ಎಲ್ಲ ಅಕ್ಕನ ಮಕ್ಕಳೇ ಅಲ್ಲವಾ,” ಎಂದು ದನದ ಹಿಂದೆ ಹೋದರು. ನನ್ನನ್ನು ಯಾರೂ ಕೇಳಲಿಲ್ಲ. ಹೋಗಿ ನೋಡಿದರೆ ತಿಳಿಯುತ್ತದೆ ಎಂದು ತೀರ್ಮಾನವಾಯಿತು. ಒಂದು ಭಾನುವಾರ ಧಣಿಗಳ ಕಾರಿನಲ್ಲಿ ಧಣಿಗಳು, ವಕೀಲರು, ಮಾವ ಮತ್ತು ನಾನು ಹೊರಟೆವು. ಬರುವಾಗ ಮಕ್ಕಳಿಬ್ಬರಿಗೆ ಜಾಗ ಬೇಕಾದ್ದರಿಂದ ನಾನು ಬಸ್ಸಿನಲ್ಲಿ ಬರಬೇಕು ಎಂದು ಮೊದಲೇ ಹೇಳಿದ್ದರು.

ಅಕ್ಕನಿಗೆ ಸುದ್ದಿ ಮುಟ್ಟಿತ್ತು. ಜಗಲಿ ಗುಡಿಸಿ ಚಾಪೆ ಹಾಸಿದ್ದರು. ಬೆಲ್ಲ ನೀರು ತಂದಿಟ್ಟರು. ನಗಲಿಲ್ಲ. ಮಕ್ಕಳು ಗೋಡೆಗೆ ಒರಗಿ ನಿಂತಿದ್ದರು. ಲಾಯಿಲದ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿದೆ ಎಂದು ನನಗೆ ಕೂಡಲೇ ತಿಳಿಯಿತು.

“ಇವರಲ್ಲಿ ಲಾಯಿಲದವರು ಯಾರಮ್ಮ?” ಎಂದರು ವಕೀಲರು.

“ಎಲ್ಲ ಬೆಳುವಾಯಿಯವರೇ.”

“ಅಲ್ಲ, ಆ ಸಿಪಾಯಿಯ ಮಕ್ಕಳು.”

“ಸಿಪಾಯಿ ಸಾಕಿದ ಮಕ್ಕಳೇ ಏಳೂ. ನನ್ನ ತಮ್ಮ ಇದೇ ಜಗಲಿಯಲ್ಲಿ ಟ್ರಂಕು ಬಿಚ್ಚಿ ಏಳು ಜನಕ್ಕೂ ಚಡ್ಡಿ ಬಟ್ಟೆ ಹಂಚ್ತಿದ್ದ.”

ವಕೀಲರು ಇಂಥ ಸಾಕ್ಷಿಗಳನ್ನು ಎಷ್ಟೋ ಕಂಡವರು. ಅವರು ಅಕ್ಕನನ್ನು ಬಿಟ್ಟು ಸಣ್ಣ ಸಾಕ್ಷಿಗಳನ್ನು ಹಿಡಿದರು. ಅಕ್ಕನ ಕಿರಿಯ ಮಗನ ಗಲ್ಲ ಮುಟ್ಟಿ, “ನಿನ್ನ ಅಪ್ಪ ಎಲ್ಲಿದ್ದಾರೆ ಮಗಾ?” ಎಂದರು.

“ಮಾವ ಯುದ್ಧದಲ್ಲಿ ಸತ್ತುಹೋದರು.”

“ಮಾವ ಅಲ್ಲ ಮಗಾ. ಅಪ್ಪ, ಅಪ್ಪ.”

“ಅಪ್ಪ ದೀಪಾವಳಿಗೆ ಮಿಠಾಯಿ ತರ್ತಾರೆ.”

ವಕೀಲರು ಧಣಿಗಳ ಕಡೆ ತಿರುಗಿ ಒಂದು ಬೆರಳು ಮಡಚಿದರು. ಒಬ್ಬ ಕಳೆದ. ಪಕ್ಕದಲ್ಲಿ ನಿಂತಿದ್ದವಳು ಲಾಯಿಲದ ಹುಡುಗಿ. ಅವಳನ್ನು ಕೇಳುವ ಮೊದಲೇ ಅವಳು, “ನಮ್ಮ ಅಪ್ಪನೂ ತರ್ತಾರೆ,” ಎಂದಳು. ತಮ್ಮನ ಹೆಗಲ ಮೇಲೆ ಕೈಯಿಟ್ಟು, “ಇವನಿಗೂ,” ಎಂದಳು. ಧ್ವನಿ ಒಂದಿಷ್ಟೂ ಅಲುಗಲಿಲ್ಲ. ನಾನು ಎಷ್ಟೋ ವೇದಿಕೆಗಳಲ್ಲಿ ನಿಂತಿದ್ದೇನೆ. ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ನೆಟ್ಟಗೆ ನಿಂತು ಹೇಳಲು ನನ್ನಿಂದ ಇವತ್ತಿಗೂ ಆಗುವುದಿಲ್ಲ.

ಆಮೇಲೆ ಕಟ್ಟೆ ಒಡೆದ ಹಾಗಾಯಿತು. ನಮ್ಮ ಅಪ್ಪ ಚೆಂಡು ತರ್ತಾರೆ, ನಮ್ಮ ಅಪ್ಪ ಪಟಾಕಿ ತರ್ತಾರೆ, ನಮ್ಮ ಅಪ್ಪ ಸೈಕಲ್ ತರ್ತಾರೆ. ವಕೀಲರ ಬೆರಳುಗಳೆಲ್ಲ ಮಡಚಿಹೋದವು.

“ಹಾಗಾದ್ರೆ ಅನಾಥರೇ ಇಲ್ಲವಲ್ಲ ಇಲ್ಲಿ!” ಎಂದರು ಧಣಿಗಳು. ಅವರಿಗೆ ನಿಜವಾಗಿ ಬೇಸರವಾಗಿತ್ತು. “ನಾವು ಇಷ್ಟು ದಿನ ಅಕ್ಕಿ ಕಳಿಸಿದ್ದು ಯಾರಿಗೆ?”

“ಉಂಡವರಿಗೆ,” ಎಂದರು ಅಕ್ಕ. ಆಮೇಲೆ ಧ್ವನಿ ತಗ್ಗಿಸಿದರು. “ಧಣಿ, ನಿಮ್ಮ ಅಕ್ಕಿ ಉಂಡಿದ್ದೇವೆ, ಇಲ್ಲ ಅನ್ನುದಿಲ್ಲ. ಬೇಡ ಅಂತ ಕಂಡ್ರೆ ನಿಲ್ಲಿಸಿ. ಬ್ರಾಂಚಿನಿಂದ ಬೀಡಿ ಎಲೆ ತಂದಾಯ್ತು, ಕಟ್ಲಿಕ್ಕೆ ಶುರು ಮಾಡಿದ್ದೇನೆ. ಆದ್ರೆ ಇದು ನನ್ನದು, ಇದು ನನ್ನದಲ್ಲ ಅಂತ ಈ ಮಕ್ಕಳ ಎದುರು ನಾನು ಬೊಟ್ಟು ಮಾಡುದಿಲ್ಲ. ಒಂದು ಸಲ ಮಾಡಿದ್ರೆ ನಾಳೆ ಊಟಕ್ಕೆ ಕೂತಾಗ ಇವು ಒಂದರ ಬಟ್ಟಲು ಒಂದು ನೋಡ್ತವೆ.”

“ಇದು ಬರೀ ಹಟ,” ಎಂದರು ವಕೀಲರು. “ಆ ಎರಡು ಮಕ್ಕಳ ಭವಿಷ್ಯ ಹಾಳು ಮಾಡ್ತಾ ಇದ್ದೀರಿ ನೀವು. ಮಾಷ್ಟ್ರೇ, ನಿಮ್ಮ ಅಳಿಯ ಇಲ್ಲಿಗೆ ವಾರ ವಾರ ಬರ್ತಾನಲ್ಲ?”

ಎಲ್ಲರೂ ನನ್ನನ್ನು ನೋಡಿದರು. ಅಷ್ಟು ದಿನ ಯಾರೂ ಕೇಳದ ಮಾತು ಕಡೆಗೂ ನನ್ನ ಕಾಲ ಬುಡಕ್ಕೆ ಬಂತು. ಅಕ್ಕ ಮಾತ್ರ ನೋಡಲಿಲ್ಲ. ಅವರು ಸಣ್ಣವನ ತಲೆಯ ಮೇಲೆ ಕೈಯಿಟ್ಟು ಅಂಗಳದ ಕಡೆ ಮುಖ ಮಾಡಿದ್ದರು. ಮಾವ ಎದ್ದು ನನ್ನ ಹತ್ತಿರ ಬಂದರು. ಅವರು ಕೆಟ್ಟವರಲ್ಲ. ನನಗೆ ಅಕ್ಷರ ಹೇಳಿಕೊಟ್ಟವರು ಅವರು, ಟೈಫಾಯಿಡ್ ಆದಾಗ ಹಾಸಿಗೆಯ ಪಕ್ಕದಲ್ಲಿ ಕೂತವರು ಅವರು, ಕಾಲೇಜಿಗೆ ಕಳಿಸಿದವರೂ ಅವರೇ. ಕಾರ್ಯದರ್ಶಿಯಾಗಿ ಬಂದ ಕೆಲಸ ಮುಗಿಸಿ ಊಟದ ಹೊತ್ತಿಗೆ ಮನೆ ಸೇರಬೇಕೆಂದು ಅವರಿಗಿತ್ತು.

“ನಿನಗೆ ಗೊತ್ತುಂಟಲ್ಲ ಮಗ, ಯಾರು ಅಂತ. ಸುಮ್ಮನೆ ತೋರಿಸಿಬಿಡು. ಅವರಿಗೇ ಒಳ್ಳೆಯದು.”

“ತೋರಿಸ್ತೇನೆ ಮಾವ,” ಎಂದೆ. “ಅದಕ್ಕೆ ಮೊದಲು ನೀವೊಂದು ಹೇಳಿ. ನನ್ನ ಅಪ್ಪ ತೋಡಾರಿನಲ್ಲಿ ಗಟ್ಟಿಮುಟ್ಟಾಗಿ ಇದ್ದಾರೆ, ಹಬ್ಬಕ್ಕೆ ಹೋಗಿ ಕಾಲು ಹಿಡಿದು ಬರ್ತೇನೆ. ನಾಳೆ ನಿಮಗೆ ಏನಾದರೂ ಆದರೆ, ನಾನು ಯಾರನ್ನೂ ಕಳೆದುಕೊಂಡ ಹಾಗಲ್ಲ, ಅಲ್ಲವಾ?”